ರಾಜಚಿಟ್ಟೆಗಳ ಕಾವಲಿಗೆ ಹೋದವರು

ಮಂಗಳವಾರ ಸಂಜೆ ಐದಕ್ಕೆ ಮುದಿಗುಡ್ಡದ ಕಾವಲು ಗುಡಿಸಲಿನಿಂದ ವಯರ್‌ಲೆಸ್ಸಿನಲ್ಲಿ ಕೊನೆಯ ಮಾತು ಬಂದಿತ್ತು. "ಹಿಮ ಬೀಳ್ತಿದೆ. ಚಿಟ್ಟೆ ಉದುರ್ತಿವೆ. ನಾವಿಬ್ರೂ ಚೆನ್ನಾಗಿದೀವಿ." ಹೇಳಿದವನು ಹಿಲಾರಿಯೊ. ಜೊತೆಗಿದ್ದವನು ಎಪಿಫಾನಿಯೊ. ಆಮೇಲೆ ಎರಡು ರಾತ್ರಿ ಗಾಳಿ ಬೀಸಿತು. ಸಾಂತಾ ರೀತಾ ಊರಿನ ಅರ್ಧ ಮನೆಗಳ ತಗಡು ಹಾರಿಹೋಯಿತು. ಗುರುವಾರ ಬೆಳಗ್ಗೆ ಗಾಳಿ ನಿಂತಾಗ ವಯರ್‌ಲೆಸ್ಸಿನಲ್ಲಿ ಬರೀ ಗೊರಗೊರ ಸದ್ದು.

ಹಿಲಾರಿಯೊನ ಹೆಂಡತಿ ಎರ್ಲಿಂದಾ ಶಾಲೆಯ ಅಂಗಳಕ್ಕೆ ಬಂದಾಗ ಊರಿನ ಗಂಡಸರು ಕೆಸರಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಪಟ್ಟಣದ ರಸ್ತೆಗೆ ನೂರಾರು ಮರ ಬಿದ್ದಿತ್ತು. ಸಹಾಯ ಬರಲು ಎರಡು ದಿನ ಬೇಕು. ಗುಡ್ಡಕ್ಕೆ ಹೋಗುವ ಹಾದಿಯೂ ಮುಚ್ಚಿತ್ತು. ಅದನ್ನು ಬಿಡಿಸಲು ಹತ್ತು ಜನ ಹೊರಟರೂ ನಾಳೆ ಸಂಜೆಯಾಗುತ್ತದೆ.

"ಹಾಗಾದ್ರೆ ಬೇರೆ ದಾರಿ ಹಿಡೀಬೇಕು," ಎಂದಳು ಎರ್ಲಿಂದಾ.

"ಬೇರೆ ದಾರಿ ಎಲ್ಲಿದೆ ಕೊಮಾದ್ರೆ?" ಎಂದ ಹೇಸರಗತ್ತೆ ಸಾಕುವ ಮುದುಕ ಕ್ರೆಸೆನ್ಸಿಯೊ. ಅವಳ ಮಗಳಿಗೆ ಧರ್ಮತಂದೆಯಾಗಿ ನಿಂತ ನಂಟಿನಿಂದ ಅವನು ಅವಳನ್ನು ಕರೆಯುತ್ತಿದ್ದುದು ಹಾಗೆ.

"ಇದೆ. ಮರಗಳ್ಳರ ದಾರಿ." ಅವಳು ಗೋಡೆಯ ಪಕ್ಕ ಒಂಟಿಯಾಗಿ ನಿಂತಿದ್ದವನ ಕಡೆ ತಿರುಗಿದಳು. "ಅಬುಂದಿಯೊಗೆ ಗೊತ್ತು."

ನಾಲ್ಕು ವರ್ಷದ ಕೆಳಗೆ ಅಬುಂದಿಯೊನನ್ನು ಕಾಡಿನಲ್ಲಿ ಗರಗಸದ ಸಮೇತ ಹಿಡಿದವರೇ ಹಿಲಾರಿಯೊ ಮತ್ತು ಎಪಿಫಾನಿಯೊ. ಎರಡು ವರ್ಷ ಜೈಲಿನಲ್ಲಿದ್ದು ಬಂದ ಮೇಲೆ ಅವನ ಜೊತೆ ಊರು ಮಾತು ಬಿಟ್ಟಿತ್ತು.

ಅಬುಂದಿಯೊ ಟೋಪಿಯನ್ನು ಹಣೆಗೆಳೆದುಕೊಂಡ. "ಕೋಳಿ ಕಂದರ ದಾಟಬೇಕು. ಸೇತುವೆಯಿಲ್ಲ, ದಿಮ್ಮಿ ಒಂದಿದೆ. ಹೇಸರಗತ್ತೆ ಆಚೆ ಬರಲ್ಲ."

"ನಾನು ಕೇಳಿದ್ದು ಬರ್ತೀಯೋ ಇಲ್ವೋ ಅಂತ."

"ದಾರಿ ಹೇಳಿದ್ನಲ್ಲ, ಬರದೇ ಇರ್ತೀನಾ?" ಎಂದು ಅವನು ಹೊರಟೇಬಿಟ್ಟ.

ಅವಳು ಜೋಳದ ರೊಟ್ಟಿ, ಬಿಸಿ ಗಂಜಿಯ ಫ್ಲಾಸ್ಕು, ಎರಡು ಕಂಬಳಿ ಕಟ್ಟಿಕೊಂಡಳು. ಕ್ರೆಸೆನ್ಸಿಯೊ ಕೊಡಲಿ, ಎರಡು ಹಗ್ಗ ಹೇರಿ ಹೇಸರಗತ್ತೆಯ ಲಗಾಮು ಹಿಡಿದ. ಎಂಟು ಗಂಟೆಗೆ ಮೂವರೂ ಊರು ಬಿಟ್ಟರು.

ಮೊದಲ ಎರಡು ಗಂಟೆ ಏರು ಹಾದಿ. ಕೆಳಗೆ ಪೈನ್ ಮರಗಳು, ಮೇಲಕ್ಕೆ ಹೋದಂತೆ ಒಯಮೆಲ್ ಮರಗಳ ಕಪ್ಪು ಕಾಡು. ಮೋಡ ಮರಗಳ ನಡುವೆಯೇ ಇಳಿದು ನಿಂತಿತ್ತು. ಇಪ್ಪತ್ತು ಮಾರಿನಾಚೆ ಏನೂ ಕಾಣದು. ಅಲ್ಲಲ್ಲಿ ಇಡೀ ಇಳಿಜಾರಿನ ಮರಗಳು ಒಂದೇ ದಿಕ್ಕಿಗೆ ಮಲಗಿದ್ದವು. ಬೇರುಗಳು ಮನೆಯೆತ್ತರ ಎದ್ದು ನಿಂತು ಕೆಂಪು ಮಣ್ಣು ಸುರಿಸುತ್ತಿದ್ದವು. ಹಕ್ಕಿಯ ದನಿಯಿಲ್ಲ. ಆಗಾಗ ಎಲ್ಲೋ ಮೇಲೆ ಮಂಜು ತುಂಬಿದ ಕೊಂಬೆ ಲಟಕ್ಕೆಂದು ಮುರಿದು ಬೀಳುತ್ತಿತ್ತು. ಆಗೆಲ್ಲ ಮೂವರೂ ತಲೆಯೆತ್ತಿ ನೋಡಿ, ಮತ್ತೆ ನಡೆಯುತ್ತಿದ್ದರು.

ಕಂದರದ ಅಂಚಿನಲ್ಲಿ ಹೇಸರಗತ್ತೆಯನ್ನು ಕಟ್ಟಿಹಾಕಿದರು. ಕೆಳಗೆ ನೀರು ಬೂದಿ ಬಣ್ಣದಲ್ಲಿ ಭೋರ್ಗರೆಯುತ್ತಿತ್ತು. ಅಡ್ಡಕ್ಕೆ ಬಿದ್ದ ದಿಮ್ಮಿಯ ಮೇಲೆ ಗಾಜಿನಂಥ ಮಂಜು.

"ನಿಲ್ಲಿ," ಎಂದ ಅಬುಂದಿಯೊ. ಕೊಡಲಿ ಇಸಿದುಕೊಂಡು, ಹಗ್ಗದ ತುದಿ ಸೊಂಟಕ್ಕೆ ಕಟ್ಟಿ ದಿಮ್ಮಿಯ ಮೇಲೆ ಕುದುರೆ ಹತ್ತಿದಂತೆ ಕೂತ. ಒಂದೊಂದು ಮೊಳಕ್ಕೂ ಒಂದು ಕಚ್ಚು ಹಾಕುತ್ತಾ ಮುಂದೆ ಜರುಗಿದ. ಅರ್ಧ ದಾರಿಯಲ್ಲಿ ಅವನ ಕಾಲಿನ ಹಿಡಿತ ತಪ್ಪಿತು. ಒಂದು ಕ್ಷಣ ಇಡೀ ಮೈ ಒಂದೇ ಪಕ್ಕಕ್ಕೆ ವಾಲಿತು.

"ಹಗ್ಗ!" ಎರ್ಲಿಂದಾ ಕೂಗಿದಳು.

ಅವನು ಕೊಡಲಿಯ ಅಲಗನ್ನು ಮರಕ್ಕೆ ನೆಟ್ಟು ನೇತಾಡಿ, ಮೇಲೆ ಬಂದು ಉಗುಳಿದ. ಆಚೆ ದಡ ಮುಟ್ಟಿ ಹಗ್ಗ ಬಿಗಿದ. ಇವರಿಬ್ಬರೂ ಅವನು ಹಾಕಿದ ಕಚ್ಚುಗಳಲ್ಲಿ ಹೆಜ್ಜೆಯಿಟ್ಟು ದಾಟಿದರು.

ಆಚೆ ದಡದಲ್ಲಿ ಒಂದು ಟೊಳ್ಳು ಮರವಿತ್ತು. ಅಬುಂದಿಯೊ ಅದರೊಳಗೆ ಕೈಹಾಕಿ ಗೋಣಿ ಸುತ್ತಿದ ಮೋಟಾರು ಗರಗಸ ಎಳೆದ. "ಹಳೇದು," ಎಂದ, ಯಾರ ಮುಖವನ್ನೂ ನೋಡದೆ.

ಎರ್ಲಿಂದಾ ಮೂಸಿದಳು. "ಪೆಟ್ರೋಲ್ ಹೊಸದು."

"ಬಿಟ್ಟು ಬರ್ಲಾ?"

"ತಗೊ," ಎಂದಳು ಅವಳು.

ಗುಡಿಸಲಿಗೆ ಹೋಗುವ ಕಳ್ಳದಾರಿ ಚಿಟ್ಟೆಗಳು ತಂಗುವ ಕಣಿವೆಯ ನಡುವೆಯೇ ಹಾಯುತ್ತಿತ್ತು. ಊರಿನವರು ಅವನ್ನು ಸುಗ್ಗಿಯವು ಎನ್ನುತ್ತಾರೆ. ಮುಸುಕಿನ ಜೋಳ ಮುರಿಯುವ ಕಾಲಕ್ಕೆ ಉತ್ತರದಿಂದ ಮೋಡದ ಹಾಗೆ ಬಂದಿಳಿದು, ಒಯಮೆಲ್ ಮರಗಳಿಗೆ ಗೊಂಚಲು ಗೊಂಚಲಾಗಿ ಜೋತುಬಿದ್ದು ಚಳಿಗಾಲ ಕಳೆಯುತ್ತವೆ. ರಾಜಚಿಟ್ಟೆ ಎಂಬ ಹೆಸರು ಪಟ್ಟಣದವರು ತಂದದ್ದು. "ರಾಜನಂತೆ! ಕಾಯೋಕೆ ಮಾತ್ರ ಬಡವರ ಮಕ್ಕಳು ಬೇಕು," ಎಂದು ಕ್ರೆಸೆನ್ಸಿಯೊ ಯಾವಾಗಲೂ ಆಡಿಕೊಳ್ಳುತ್ತಿದ್ದ.

ಇವತ್ತು ಅವನ ಬಾಯಿಂದ ಅಂಥ ಮಾತು ಬರಲಿಲ್ಲ. ಮರಗಳು ಬೋಳಾಗಿದ್ದವು. ನೆಲ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮರದ ಬುಡಗಳಲ್ಲಿ ಚಿಟ್ಟೆಗಳು ಮೊಣಕಾಲೆತ್ತರ ರಾಶಿಬಿದ್ದಿದ್ದವು. ಮೇಲೆ ಹಿಮ, ಒಳಗೆ ಒದ್ದೆ ರೆಕ್ಕೆಗಳು. ತುಳಿಯದೆ ಹೋಗಲು ಜಾಗವೇ ಇರಲಿಲ್ಲ. ಮುದುಕ ಟೋಪಿ ತೆಗೆದು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ಮೂವರೂ ನಡೆದರು. ಕಾಲಡಿಯಲ್ಲಿ ಜಾರುತ್ತಿತ್ತು.

"ಎಲ್ಲಾ ಸತ್ತಿವೆಯಾ?" ಅಬುಂದಿಯೊ ಮೆಲ್ಲಗೆ ಕೇಳಿದ.

"ರಾಶಿ ಒಳಗೆ ಕೆಲವು ಬದುಕಿರ್ತಾವೆ. ಬಿಸಿಲು ಬಂದ್ರೆ ಏಳ್ತಾವೆ," ಎಂದಳು. ಬಿಸಿಲು ಎಲ್ಲೂ ಇರಲಿಲ್ಲ.

ಗುಡಿಸಲು ಕಂಡಾಗ ಹನ್ನೊಂದೂವರೆ. ಅದನ್ನು ಗುಡಿಸಲೆನ್ನುವ ಹಾಗೆಯೇ ಇರಲಿಲ್ಲ. ದೊಡ್ಡ ಒಯಮೆಲ್ ಮರವೊಂದು ಬೇರುಸಹಿತ ಕಿತ್ತು ಅದರ ನಟ್ಟನಡುವೆ ಮಲಗಿತ್ತು. ಹಲಗೆಗಳು ಚೂರುಚೂರಾಗಿದ್ದವು.

"ಹಿಲಾರಿಯೊ!"

ಎರ್ಲಿಂದಾ ಮರದ ಹತ್ತಿರಕ್ಕೆ ಓಡಿದಳು.

"ಹಿಲಾರಿಯೊ! ಎಪಿಫಾನಿಯೊ!"

ಮರದಡಿಯಿಂದ ತಗಡಿಗೆ ಕಲ್ಲು ಬಡಿದ ಸದ್ದು ಬಂತು. ಟಣ್. ಸ್ವಲ್ಪ ಹೊತ್ತಿಗೆ ಮತ್ತೆ, ಟಣ್.

ಎರ್ಲಿಂದಾ ಹಲಗೆಗಳನ್ನು ಎರಡೂ ಕೈಯಿಂದ ಎಸೆದಳು. ಮೊದಲು ಕಂಡವನು ಎಪಿಫಾನಿಯೊ. ಗಡ್ಡಕ್ಕೆ ಮಂಜು ಹತ್ತಿತ್ತು, ತುಟಿ ನೀಲಿ, ಎಡಗಾಲು ಮರದ ಕೆಳಗೆ. ಮೈಮೇಲೆ ಎರಡು ಕಂಬಳಿಗಳಿದ್ದವು. ಒಂದನ್ನು ಅವಳು ಗುರುತಿಸಿದಳು. ನೇಯ್ದವಳು ಅವಳೇ.

"ಅವನೆಲ್ಲಿ?"

ಎಪಿಫಾನಿಯೊ ಕಣ್ಣು ಮುಚ್ಚಿಕೊಂಡ.

ಹಿಲಾರಿಯೊ ಒಂದು ಮಾರು ಆಚೆ, ತೊಲೆಯಡಿಯಲ್ಲಿದ್ದ. ಸೊಂಟದಿಂದ ಕೆಳಗೆ ಮರವಿತ್ತು. ಮುಖಕ್ಕೆ ಏನೂ ಆಗಿರಲಿಲ್ಲ. ಎರ್ಲಿಂದಾ ಅವನ ಕೆನ್ನೆಯ ಮೇಲೆ ಅಂಗೈಯಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು.

"ನಿನ್ನೆ ಬೆಳಗಿನ ಜಾವದವರೆಗೂ ಮಾತಾಡ್ತಿದ್ದ," ಎಂದ ಎಪಿಫಾನಿಯೊ. "ಕಂಬಳಿ ನನ್ನ ಕಡೆ ಎಸೆದ. ತನಗೆ ಕಾಲು ಇರೋದೇ ಗೊತ್ತಾಗ್ತಿಲ್ಲ, ಚಳಿಯೂ ಇಲ್ಲ ಅಂದ. ಎರ್ಲಿಂದಾಳ ಮಾತು ಕೇಳಿ ಸೋಮವಾರವೇ ಇಳಿದಿದ್ರೆ ಆಗಿತ್ತು ಅಂದ. ಆಮೇಲೆ ಕರೆದೆ... ಓಗೊಡಲಿಲ್ಲ."

ಅವಳು ತಲೆಯಾಡಿಸಿದಳು. ಅಳಲಿಲ್ಲ.

ಕ್ರೆಸೆನ್ಸಿಯೊ ಆಗಲೇ ಕೊಡಲಿಯೆತ್ತಿ ಮರದ ಬುಡದ ಬಳಿ ಒಂದೇಟು ಹಾಕಿದ್ದ. ಅಬುಂದಿಯೊ ಓಡಿಬಂದು ಅವನ ತೋಳು ಹಿಡಿದೆಳೆದ.

"ಅಲ್ಲಿ ಬೇಡ ಅಜ್ಜ! ಸಾಯ್ತೀರಾ?"

"ಬಿಡೋ! ಇಲ್ಲಿ ಕಡಿದ್ರೆ ಬೇಗ ಬಿಡುತ್ತೆ."

"ಬಿಡುತ್ತೆ. ಬೇರಿನ ಗಡ್ಡೆ ವಾಪಸ್ ಎದ್ದು ಗುಂಡಿಗೆ ಕೂರುತ್ತೆ, ನಿಮ್ಮನ್ನೂ ಎಳ್ಕೊಂಡು. ನಾನು ನೋಡಿದೀನಿ." ಅವನು ಎಪಿಫಾನಿಯೊನ ಕಾಲಿನ ಎರಡೂ ಪಕ್ಕದಲ್ಲಿ ಮರದಡಿಗೆ ತುಂಡು ಹಲಗೆಗಳನ್ನು ಬಡಿದು ತುರುಕಿದ. "ಮರ ಕುಸಿದ್ರೆ ಇವು ತಡೀತಾವೆ. ಎಲ್ರೂ ಮೇಲ್ಗಡೆ ಬನ್ನಿ."

ಎಪಿಫಾನಿಯೊ ಅವನನ್ನು ಆಗಲೇ ಗುರುತಿಸಿದ್ದು. "ಅಬುಂದಿಯೊ? ನೀನಾ? ಗರಗಸ ಎಲ್ಲಿಂದ ಬಂತು?"

"ಕಾಲು ಬಿಡಿಸಿಕೊ. ಆಮೇಲೆ ಹಿಡಿದು ಕೊಡುವಿಯಂತೆ."

ಗರಗಸ ಮೂರನೆಯ ಎಳೆತಕ್ಕೆ ಹೊತ್ತಿಕೊಂಡಿತು. ಮೊದಲು ಮೇಲಿಂದ, ಆಮೇಲೆ ಅಡಿಯಿಂದ ಕೊಯ್ದ. ಹಸಿ ಮರದ ಪುಡಿ ಹಿಮದ ಮೇಲೆ ಹಾರಿತು. ಕೊಯ್ತ ಅರ್ಧಕ್ಕೆ ಬಂದಾಗ ಮರ ನರಳಿತು. ಅಲಗು ಸಿಕ್ಕಿಕೊಂಡಿತು. ಕ್ರೆಸೆನ್ಸಿಯೊ ಬೆಣೆ ಹೊಡೆದ. ಮತ್ತೆ ಕೊಯ್ತ.

"ದೂರ! ದೂರ!"

ಧಡಾರ್! ಬುಡ ಕಳಚಿಕೊಂಡದ್ದೇ ತಡ, ಬೇರಿನ ಗೋಡೆ ಹಿಂದಕ್ಕೆ ಎದ್ದು ಗುಂಡಿಯಲ್ಲಿ ಕೂತಿತು. ನೆಲ ನಡುಗಿತು. ಮುದುಕ ನಿಂತಿದ್ದ ಜಾಗ ಈಗ ಬೇರುಗಳ ಅಡಿಯಲ್ಲಿತ್ತು. ಅವನು ಅದನ್ನೇ ನೋಡುತ್ತಾ ಬಾಯೊರೆಸಿಕೊಂಡ.

ಅಬುಂದಿಯೊ ಕಾಲಿನ ಆಚೆ ಬದಿಯಲ್ಲೂ ಕೊಯ್ದ ಮೇಲೆ ಮರದ ತುಂಡನ್ನು ಮೂವರೂ ಮೀಟಿ ಎತ್ತಿದರು. ಎಪಿಫಾನಿಯೊ ಹೊರಬಂದ. ಕಾಲು ಮೊಣಕಾಲಿನಿಂದ ಕೆಳಗೆ ಕಪ್ಪಾಗಿತ್ತು. ಎರ್ಲಿಂದಾ ಹಲಗೆಯ ಪಟ್ಟಿಗಳನ್ನಿಟ್ಟು ಕಟ್ಟಿದಳು. ಗಂಜಿ ಕುಡಿಸಿದಳು. ಆಮೇಲೆ ಹಗ್ಗ ಹಿಡಿದು ತೊಲೆಯ ಕಡೆ ಹೋದಳು.

"ಈಗ ಹಿಲಾರಿಯೊ," ಎಂದಳು.

ಪಡುವಣದಲ್ಲಿ ಆಕಾಶ ಕಪ್ಪಾಗಿ ಕೂಡಿಕೊಳ್ಳುತ್ತಿತ್ತು. ಕ್ರೆಸೆನ್ಸಿಯೊ ಅದರ ಕಡೆ ನೋಡಿದ. ಮಾತಾಡಿದವನು ಅಬುಂದಿಯೊ.

"ಅವನ ಮೇಲಿರೋ ಮರ ಬಿಡಿಸೋಕೆ ಎರಡು ಗಂಟೆ ಬೇಕು. ಮಳೆ ಬರೋಕೆ ಅಷ್ಟು ಹೊತ್ತಿಲ್ಲ. ಹೊರೋರು ನಾವು ಮೂವರು. ಇಬ್ರನ್ನ ಹೊರೋಕಾಗಲ್ಲ."

"ನೀನು ಹೇಳಬೇಡ."

"ಸತ್ತೋನು ನಾಳೆವರೆಗೆ ಕಾಯ್ತಾನೆ. ಇವನು ಕಾಯಲ್ಲ."

"ನೀನು ಹೇಳಬೇಡ ಅಂದೆ!" ಅವಳು ಹಗ್ಗದ ಸುರುಳಿಯಿಂದ ಅವನ ಎದೆಗೆ ಬೀಸಿ ಹೊಡೆದಳು. ಮತ್ತೊಂದೇಟು ಹೊಡೆದಳು. ಅವನು ತಡೆಯಲಿಲ್ಲ. "ಅವನು ಸತ್ತಿದ್ದು ನಿನಗೆ ಒಳ್ಳೇದೇ ಆಯ್ತು, ಅಲ್ವಾ? ಹೇಳು!"

"ಜೈಲಲ್ಲಿದ್ದಾಗ ಹಾಗೇ ಅಂದ್ಕೊಂಡಿದ್ದೆ," ಎಂದ ಅವನು. "ದಿನಾ ಅಂದ್ಕೊಳ್ತಿದ್ದೆ."

ಅವಳ ಕೈ ಇಳಿಯಿತು. ಎಪಿಫಾನಿಯೊ ಅಲ್ಲಿಂದಲೇ, "ನನ್ನ ಬಿಡಿ. ಅವನನ್ನ ಕರ್ಕೊಂಡ್ಹೋಗಿ," ಎಂದ.

"ಬಾಯಿ ಮುಚ್ಚಿಕೊಂಡು ಬಿದ್ದಿರು," ಎಂದಳು ಎರ್ಲಿಂದಾ. "ಮನೇಲಿ ದೊಮಿತಿಲಾ ದಾರಿ ಕಾಯ್ತಿದಾಳೆ."

ಅವಳು ತನ್ನ ಶಾಲು ತೆಗೆದು ಹಿಲಾರಿಯೊನ ಮುಖಕ್ಕೆ ಹೊದಿಸಿದಳು. ಗುಳ್ಳೆನರಿ ಬಾರದ ಹಾಗೆ ಸುತ್ತ ಹಲಗೆಯೊಡ್ಡಿ ಮೇಲೆ ಕಲ್ಲು ಹೇರಿದಳು. ಅಬುಂದಿಯೊ ಕಲ್ಲು ತಂದುಕೊಟ್ಟ. ಕೊನೆಯ ಕಲ್ಲನ್ನಿಟ್ಟು ಅವಳು, "ನಾಳೆ ಬರ್ತೀನಿ ಕಣೋ," ಎಂದು ಸಂತೆಗೆ ಹೊರಟವಳಂತೆ ಹೇಳಿ ಎದ್ದಳು.

ಅಬುಂದಿಯೊ ಎರಡು ಕೊಂಬೆ, ಒಂದು ಹಲಗೆ ಸೇರಿಸಿ ಬೆನ್ನಿಗೆ ಹೊರುವ ಕುರ್ಚಿ ಕಟ್ಟಿದ. ಕದ್ದ ಹಲಗೆಗಳನ್ನು ಅವನು ಇಪ್ಪತ್ತು ವರ್ಷ ಹೊತ್ತದ್ದು ಹೀಗೆಯೇ. ಭಾರವೆಲ್ಲ ಹಣೆಗೆ ಕಟ್ಟಿದ ಪಟ್ಟಿಯ ಮೇಲೆ. ಎಪಿಫಾನಿಯೊನನ್ನು ಅದರಲ್ಲಿ ಕೂರಿಸಿ ಬಿಗಿದರು. ಹಣೆಪಟ್ಟಿಯನ್ನು ಎರ್ಲಿಂದಾಳೇ ಅಬುಂದಿಯೊನ ಹಣೆಗೆ ಸರಿಪಡಿಸಿದಳು.

ಇಳಿಯುವುದು ಏರಿದ್ದಕ್ಕಿಂತ ಕಷ್ಟವಾಯಿತು. ನೂರು ಹೆಜ್ಜೆಗೊಮ್ಮೆ ಅಬುಂದಿಯೊ ನಿಂತು ಊರುಗೋಲಿಗೆ ಒರಗುತ್ತಿದ್ದ. ಕತ್ತಿನ ನರ ಹಗ್ಗದಂತೆ ಉಬ್ಬುತ್ತಿತ್ತು. ಬೆನ್ನ ಮೇಲಿದ್ದವನು ನೋವಿಗೆ ಹಲ್ಲು ಕಚ್ಚಿ, ಪ್ರಜ್ಞೆ ತಪ್ಪಿ, ಮತ್ತೆ ಎಚ್ಚರಾಗುತ್ತಿದ್ದ.

"ನಿದ್ದೆ ಮಾಡಬೇಡ. ಮಾತಾಡು," ಎಂದ ಅಬುಂದಿಯೊ ಏದುಸಿರು ಬಿಡುತ್ತಾ.

"ಏನ್ ಮಾತಾಡಲಿ?"

"ಬೈಯಿ."

ಎಪಿಫಾನಿಯೊ ಬೈದ. ಕಳ್ಳ ಎಂದ, ಕಾಡು ತಿಂದ ಹುಳ ಎಂದ, ಅವನ ಅಜ್ಜನವರೆಗೂ ಹೋದ. "ಜೋರಾಗಿ, ಜೋರಾಗಿ," ಎನ್ನುತ್ತಾ ಕ್ರೆಸೆನ್ಸಿಯೊ ಹಿಂದಿನಿಂದ ಕುರ್ಚಿಗೆ ಕೈಕೊಟ್ಟ.

ಚಿಟ್ಟೆಗಳ ಕಣಿವೆಯಲ್ಲಿ ಮಳೆ ಹಿಡಿಯಿತು. ಮರದ ಮುರಿದ ತುದಿಯೊಂದು ತಲೆಯ ಮೇಲೆ ನೇತಾಡುತ್ತಿದ್ದುದು ಎರ್ಲಿಂದಾಳ ಕಣ್ಣಿಗೆ ಬಿತ್ತು.

"ಎಡಕ್ಕೆ!"

ಅಬುಂದಿಯೊ ಏಕೆಂದು ಕೇಳಲಿಲ್ಲ, ತಲೆಯೆತ್ತಿ ನೋಡಲಿಲ್ಲ. ಎಡಕ್ಕೆ ನುಗ್ಗಿದ. ಎರಡಾಳುದ್ದದ ತುದಿ ಅವನ ಹಿಂದೆ ನೆಲಕ್ಕೆ ನೆಟ್ಟುಕೊಂಡಿತು. ಚಿಟ್ಟೆಗಳ ರಾಶಿ ಚದುರಿತು. ಅವನು ಮೊಣಕಾಲೂರಿದ, ಆದರೆ ಬೀಳಲಿಲ್ಲ. ಚದುರಿದ ರಾಶಿಯ ಒಳಗಿನಿಂದ ಒಣ ರೆಕ್ಕೆಯ ನೂರಾರು ಚಿಟ್ಟೆಗಳು ತೆವಳುತ್ತಾ ಹೊರಬಂದು ಮರದ ಬುಡ ಹತ್ತತೊಡಗಿದ್ದವು. ಅವನ್ನು ನೋಡುತ್ತಾ ನಿಲ್ಲಲು ಯಾರಿಗೂ ಪುರಸೊತ್ತಿರಲಿಲ್ಲ.

ಕಂದರದಲ್ಲಿ ನೀರು ದಿಮ್ಮಿಯನ್ನು ನೆಕ್ಕುತ್ತಿತ್ತು. ಎರ್ಲಿಂದಾ ಮೊದಲು ದಾಟಿ ಹಗ್ಗ ಬಿಗಿ ಹಿಡಿದಳು. ಅಬುಂದಿಯೊ ಕೂತು, ಬೆನ್ನ ಭಾರ ಅಲುಗದಂತೆ, ತಾನು ಹಾಕಿದ ಕಚ್ಚುಗಳನ್ನು ಬೆರಳಿನಿಂದ ತಡವುತ್ತಾ ಬಂದ. ಕೊನೆಯ ಮಾರಿನಲ್ಲಿ ಅವನ ಬಲ ಮುಗಿಯಿತು. ಅವನು ಹೇಳಲಿಲ್ಲ, ಅವಳಿಗೆ ಗೊತ್ತಾಯಿತು. ದಿಮ್ಮಿಯ ಮೇಲೆ ಮಲಗಿ ಕೈಚಾಚಿ ಅವನ ಕೊರಳಪಟ್ಟಿ ಹಿಡಿದು ಎಳೆದಳು. ಬೆನ್ನ ಮೇಲಿದ್ದವನೂ ಸೇರಿ ಮೂವರೂ ಒಟ್ಟಿಗೆ ದಡಕ್ಕೆ ಬಿದ್ದರು. ಕ್ರೆಸೆನ್ಸಿಯೊ ಹಿಂದೆಯೇ ದಾಟಿ ಬಂದ.

ಉಳಿದ ದಾರಿಗೆ ಹೇಸರಗತ್ತೆಯಿತ್ತು.

ಸಂಜೆಗತ್ತಲಿಗೆ ಮುಂಚೆ ಊರು ಮುಟ್ಟಿದರು. ದೊಮಿತಿಲಾ ಬರಿಗಾಲಲ್ಲಿ ಓಡಿಬಂದು ಗಂಡನ ತಲೆ ತಬ್ಬಿಕೊಂಡಳು. ಆಮೇಲೆ ಅವಳ ಕಣ್ಣು ಹಿಂದಿನ ದಾರಿಯ ಮೇಲೆ ಇನ್ನೊಬ್ಬನನ್ನು ಹುಡುಕಿತು. ಎರ್ಲಿಂದಾಳ ಶಾಲಿಲ್ಲದ ಹೆಗಲು ಕಂಡು ಅವಳತ್ತ ಕೈಚಾಚಿದಳು.

"ಮೊದಲು ಬಿಸಿ ಏನಾದ್ರೂ ಕೊಡು ಅವನಿಗೆ," ಎಂದು ಎರ್ಲಿಂದಾ ತನ್ನ ಮನೆಯ ಕಡೆ ನಡೆದಳು.

ಮರುದಿನ ಅವಳು ಬಾಗಿಲು ತೆರೆದಾಗ ಬೀದಿಯಲ್ಲಿ ಹನ್ನೆರಡು ಗಂಡಸರು ಹಗ್ಗ, ಕೊಡಲಿ ಹಿಡಿದು ನಿಂತಿದ್ದರು. ಅಬುಂದಿಯೊ ಗರಗಸವನ್ನು ಎಲ್ಲರಿಗೂ ಕಾಣುವ ಹಾಗೆ ಹೆಗಲ ಮೇಲಿಟ್ಟುಕೊಂಡಿದ್ದ. ಅದೆಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಹಿಲಾರಿಯೊನನ್ನು ಅವರು ಮಧ್ಯಾಹ್ನ ಮೂರಕ್ಕೆ ಕೆಳಗೆ ತಂದರು. ಕಂದರದಿಂದ ಊರಿನವರೆಗೆ ಡೋಲಿಯ ಮುಂದಿನ ಕೋಲು ಎರ್ಲಿಂದಾಳ ಹೆಗಲ ಮೇಲಿತ್ತು. ಯಾರು ಕೊಡು ಎಂದರೂ ಅವಳು ಅದನ್ನು ಬಿಟ್ಟುಕೊಡಲಿಲ್ಲ.

ಎಪಿಫಾನಿಯೊನ ಕಾಲು ಉಳಿಯಲಿಲ್ಲ, ಜೀವ ಉಳಿಯಿತು.

ಮಣ್ಣು ಮಾಡಿ ಬಂದ ಮೇಲೆ ಮೂವರೂ ಅವಳ ಮನೆಯ ಜಗಲಿಯಲ್ಲಿ ಅಕ್ಕಪಕ್ಕ ಕೂತು ಅವರೆಸಾರು ಕುಡಿದರು. ಅಬುಂದಿಯೊನ ಹಣೆಯ ಚರ್ಮ ಪಟ್ಟಿಯಗಲಕ್ಕೆ ಕಿತ್ತುಹೋಗಿತ್ತು.

"ಮೇಲೆ ಹೋದೋರು ಇಬ್ರು," ಎಂದ ಕ್ರೆಸೆನ್ಸಿಯೊ, ಬಟ್ಟಲೊಳಗೆ ನೋಡುತ್ತಾ. "ಇಬ್ರನ್ನೂ ಇಳಿಸಿದ್ವಿ."

ಎರ್ಲಿಂದಾ ಎದ್ದು ಒಳಗೆ ಹೋಗಿ ಪಾತ್ರೆ ತಂದಳು. ಮೊದಲು ಅಬುಂದಿಯೊನ ಬಟ್ಟಲಿಗೆ ಬಡಿಸಿದಳು.