ಮಾರಿಗೋಳ ಕೂಗು ಕಳವಾದ ಪ್ರಕರಣ

ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ ಪಿಂದೋಸ್ ಬೆಟ್ಟಸಾಲಿನ ಪುಟ್ಟ ಪೊಲೀಸ್ ಠಾಣೆಗೆ ತರಕಾರಿ ವ್ಯಾಪಾರಿ ಆರ್ಗೀರಿಸ್ ಬಂದು ದೂರು ಕೊಟ್ಟ. ಅವನು ಚೌಕದ ಕಾಫಿ ಅಂಗಡಿಯಲ್ಲಿ ಕುಳಿತಿದ್ದಾಗ ಯಾರೋ ಅವನ ವ್ಯಾನಿನಿಂದ ಧ್ವನಿವರ್ಧಕ, ಟೇಪ್ ರೆಕಾರ್ಡರ್, ಅದರ ಸಣ್ಣ ಬ್ಯಾಟರಿ ಮೂರನ್ನೂ ಬಿಚ್ಚಿಕೊಂಡು ಹೋಗಿದ್ದರು. ಕಾನ್‌ಸ್ಟೆಬಲ್ ವಾಯಾ ಎಫ್‌ಐಆರ್ ಬರೆಯತೊಡಗಿದಳು.

“ಒಳಗೆ ಕ್ಯಾಸೆಟ್ ಇತ್ತಾ?”

“ಅದಕ್ಕೇ ಬಂದಿರೋದು ತಾಯಿ. ಮೈಕು ಹಾಳಾಗ್ಹೋಗ್ಲಿ. ಕ್ಯಾಸೆಟ್ಟಲ್ಲಿ ನಮ್ಮ ಮಾರಿಗೋ ಇದಾಳೆ.”

ಮಾರಿಗೋ ಅವನ ಹೆಂಡತಿ. ತೀರಿಕೊಂಡು ಮೂರು ವರ್ಷವಾಗಿತ್ತು. ಅವಳ ದನಿ ಬೇರೆಲ್ಲಿಯೂ ಉಳಿದಿರಲಿಲ್ಲ.

“ಏನಂತ ಕೂಗ್ತಾರೆ ಅದರಲ್ಲಿ?”

“ಎಲಾ, ಎಲಾ! ಆಲೂಗಡ್ಡೆ, ಈರುಳ್ಳಿ, ಎಲಾ! ಅಂತ.”

ವಾಯಾ ಪೆನ್ನು ನಿಲ್ಲಿಸಿದಳು. “ಸಾರ್, ಸ್ವತ್ತಿನ ವಿವರದಲ್ಲಿ ಯಾವ ಎಲಾ ಅಂತ ಬರೀಲಿ?”

ಇನ್‌ಸ್ಪೆಕ್ಟರ್ ಅನೆಸ್ತಿಸ್ ಕಿಟಕಿಯಾಚೆ ನೋಡಿದ. ಇಲ್ಲಿನ ಮಾತಿನಲ್ಲಿ ಎಲಾ ಎಂದರೆ ‘ಬಾ’, ಅಷ್ಟೇ. ಆದರೆ ಈ ಜನ ಫೋನೆತ್ತಿದರೆ ಎಲಾ ಎನ್ನುತ್ತಾರೆ. ಇಸ್ಪೀಟಿನಲ್ಲಿ ಮೋಸ ಕಂಡರೂ ಎಲಾ, ಸುಳ್ಳುಗಾರನ ಬಾಯಿ ಮುಚ್ಚಿಸಲೂ ಎಲಾ, ಅಳುವವರ ಬೆನ್ನು ಸವರುವಾಗಲೂ ಅದೇ ಎಲಾ. ವರ್ಗವಾಗಿ ಬಂದು ಬೇಕರಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಬದುಕುತ್ತಿದ್ದ ಅನೆಸ್ತಿಸನ ಪಾಲಿಗೆ ಉಳಿದಿದ್ದುದು ಫೋನಿನ ಎಲಾ ಒಂದೇ.

“‘ಬಾ’ ಅನ್ನೋ ಎಲಾ. ಬರಿ.”

ಸ್ಥಳದಲ್ಲಿ ಪಂಚನಾಮೆ ಆಯಿತು. ಕಳ್ಳ ತಂತಿಯನ್ನು ಕತ್ತರಿಸಿರಲಿಲ್ಲ; ತಾಳ್ಮೆಯಿಂದ ಬಿಚ್ಚಿ, ವ್ಯಾನಿನ ಕಡೆ ಉಳಿದ ತುದಿಗಳಿಗೆ ಬಟ್ಟೆ ಸುತ್ತಿದ್ದ. ತಿರುಪುಮೊಳೆಗಳು ಸೀಟಿನ ಮೇಲೆ ಸಾಲಾಗಿದ್ದವು. ಹಣದ ಡಬ್ಬಿ ಇದ್ದಲ್ಲೇ ಇತ್ತು.

“ಎಲಾ! ಎಂಥ ಮರ್ಯಾದಸ್ತ ಕಳ್ಳ ಸಾರ್,” ಎಂದಳು ವಾಯಾ.

ಆರ್ಗೀರಿಸನೊಂದಿಗೆ ಆಗಾಗ ಜಗಳವಾಡುತ್ತಿದ್ದ ಮೀನಿನ ವ್ಯಾಪಾರಿ ಸ್ಟೆರ್ಯೋಸನನ್ನು ಠಾಣೆಗೆ ಕರೆಸಿದರು.

“ಜಗಳ ಇತ್ತಲ್ಲ?”

“ಇತ್ತು, ಇದೆ, ನಾಳೇನೂ ಇರತ್ತೆ. ಅವನ ಹೆಂಡ್ತಿ ಕೂಗು ಕದ್ದು ನಾನೇನ್ ಮಾಡ್ಲಿ ಸಾರ್? ಆಲೂಗಡ್ಡೆ ಅಂತ ಕೂಗಿಸಿ ಮೀನು ಮಾರ್ಲಾ?”

ಆ ಬೆಳಿಗ್ಗೆ ಅವನು ಕೆಳಗಿನ ಪೇಟೆಯಲ್ಲಿದ್ದುದಕ್ಕೆ ಸಾಕ್ಷಿಗಳಿದ್ದರು. ಅನೆಸ್ತಿಸ್ ಅವನನ್ನು ಬಿಟ್ಟು ಆರ್ಗೀರಿಸನಿಗೆ ಹೇಳಿದ: “ಯಜಮಾನ್ರೇ, ಈ ವಾರ ಬರೀ ಹಾರ್ನ್ ಹೊಡ್ಕೊಂಡು ಎಲ್ಲಾ ಊರೂ ಸುತ್ತಿ ಬನ್ನಿ. ಯಾರು ಏನಂತಾರೆ ಅಂತ ಗಮನ ಇಡಿ.”

ವಾರ ಕಳೆದು ಆರ್ಗೀರಿಸ್ ಸೊರಗಿ ಬಂದ.

“ಎಲ್ಲರೂ ಕೇಳಿದ್ರು ಸಾರ್, ‘ಎಲ್ಲಯ್ಯಾ ನಿನ್ನ ಮಾರಿಗೋ?’ ಅಂತ. ಒಬ್ಬಳು ಮುದುಕಿ ಅತ್ತೇ ಬಿಟ್ಟಳು.”

“ಕೇಳದೆ ಇದ್ದೋರು?”

ಆರ್ಗೀರಿಸ್ ಊರುಗಳನ್ನು ಬೆರಳು ಮಡಿಸಿ ಎಣಿಸಿದ. “ಜಿಸಿಸ್. ಮೇಲ್ಗಡೆ, ಮುಚ್ಚಿದ ಗಣಿ ಹತ್ರ ಇರೋ ವಾಚ್‌ಮನ್ನು. ಈರುಳ್ಳಿ ತಗೊಂಡ, ಸುಮ್ನೆ ಹೋದ.”

“ಅವನ ಜೊತೆ ಇತ್ತೀಚೆಗೆ ಏನಾದ್ರೂ ಮಾತು?”

“ಬರೋ ಚಳಿಗಾಲದಿಂದ ನಾನು ಮೇಲಕ್ಕೆ ಬರಲ್ಲ ಅಂದಿದ್ದೆ. ಅಲ್ಲಿರೋದೇ ಅವನೊಬ್ಬ. ಒಬ್ಬನಿಗೋಸ್ಕರ ಅಷ್ಟು ದೂರ ಡೀಸೆಲ್ ಸುಡೋಕಾಗತ್ತಾ?”

ಅದೇ ಮಧ್ಯಾಹ್ನ ಮೂವರೂ ಜೀಪಿನಲ್ಲಿ ಹೊರಟರು. ಗಣಿಗೆ ಮುಂಚಿನ ತಿರುವಿನಲ್ಲಿ ವಾಯಾ ಕೈ ತೋರಿಸಿದಳು. ವಾಲ್‌ನಟ್ ಮರದ ಕವಲಿಗೆ, ಎಲೆಗಳ ಮರೆಯಲ್ಲಿ, ಧ್ವನಿವರ್ಧಕವನ್ನು ಕಟ್ಟಲಾಗಿತ್ತು. ಬುಡದಲ್ಲಿ, ತಗಡು ಹೊದಿಸಿದ ಮರದ ಪೆಟ್ಟಿಗೆಯೊಳಗೆ, ಟೇಪ್ ರೆಕಾರ್ಡರ್.

ಆರ್ಗೀರಿಸ್ ಗುಂಡಿ ಒತ್ತಿದ. ಪಾಳುಬಿದ್ದ ಗಣಿಯ ಕಡೆಗೆ ಹೆಂಗಸೊಬ್ಬಳ ದನಿ ಏರಿ ಹೋಯಿತು: “ಎಲಾ, ಎಲಾ!”

“ಕೆಟ್ಟಿಲ್ಲ ಸಾರ್,” ಎಂದು ಅವನು ಮರಕ್ಕೆ ಒರಗಿದ. “ನಡುವೆ ಉಸಿರು ತಗೊಳ್ಳೋದೂ ಹಾಗೇ ಇದೆ.”

ಆಗ ಮೇಲಿನ ದಾರಿಯಲ್ಲಿ ಒಬ್ಬ ಮನುಷ್ಯ ಕಾಣಿಸಿದ. ಬಣ್ಣ ಹೋದ ಕಾವಲುಗಾರನ ಕೋಟು, ಕತ್ತಿನವರೆಗೂ ಹಾಕಿದ ಗುಂಡಿಗಳು, ಕೈಯಲ್ಲಿ ಖಾಲಿ ಬಟ್ಟೆಚೀಲ. ಪೊಲೀಸರನ್ನು ಕಂಡ ಮೇಲೂ ಅವನು ನಿಲ್ಲಲಿಲ್ಲ. ಕೂಗಿನ ಬಳಿಗೆ ಬಂದು ಸೇರಿದ ಮೇಲೆಯೇ ನಿಂತದ್ದು.

“ಜಿಸಿಸ್ ನೀನೇನಾ?”

“ಹೌದು.”

“ಇದನ್ನ ತಂದೋನು?”

“ನಾನೇ.”

“ಮನೇಲಿ ಯಾಕಿಟ್ಕೊಳ್ಳಲಿಲ್ಲ?”

“ಮೊದಲನೇ ದಿನ ಇಟ್ಕೊಂಡಿದ್ದೆ. ಮನೆಯೊಳಗಿಂದಾನೇ ಬಾ ಅಂದ್ರೆ ಎಲ್ಲಿಗೆ ಹೋಗೋದು ಸಾರ್? ಅದಕ್ಕೇ ಇಲ್ಲಿ ಕಟ್ಟಿದೆ. ಗುಂಡಿ ಒತ್ತಿ ಮೇಲೆ ಹೋಗ್ತೀನಿ. ಆಮೇಲೆ ಚೀಲ ತಗೊಂಡು ಇಳೀತೀನಿ.”

ಆರ್ಗೀರಿಸ್ ಮುಂದೆ ಬಂದ. “ಅವಳು ಸತ್ತಿದಾಳೆ ಅಂತ ಗೊತ್ತಿತ್ತಾ ನಿನಗೆ?”

“ಗೊತ್ತಿತ್ತು. ಆದ್ರೆ ಕರೆಯೋದು ಬಿಟ್ಟಿರಲಿಲ್ಲವಲ್ಲ.”

ಆರ್ಗೀರಿಸ್ ಇನ್‌ಸ್ಪೆಕ್ಟರನ ಕಡೆ ತಿರುಗಿದ. “ದೂರು ವಾಪಸ್ ತಗೊಳ್ಳಲಾ ಸಾರ್?”

“ದಾಖಲಾಗಿ ಹೋಗಿದೆ ಯಜಮಾನ್ರೇ. ಅದನ್ನ ಕೋರ್ಟಲ್ಲಿ ಹೇಳಿ.”

ಸ್ವತ್ತು ವಶಪಡಿಸಿಕೊಂಡ ಪಂಚನಾಮೆಗೆ ಎಲ್ಲರೂ ಸಹಿ ಹಾಕಿದರು. ಜಿಸಿಸನ ಹೇಳಿಕೆಯನ್ನು ವಾಯಾ ಮರದ ಕೆಳಗೇ ಬರೆದುಕೊಂಡಳು. ಗಣಿ ಮುಚ್ಚಿದಾಗ ಉಳಿದವರೆಲ್ಲ ಒಂದೇ ಲಾರಿಯಲ್ಲಿ ಇಳಿದು ಹೋಗಿದ್ದರು. ಕಾವಲು ಸಾಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವನನ್ನು ಬಾ ಎಂದು ಕರೆದದ್ದು ಈ ದನಿಯೊಂದೇ. ಅದೂ ಇನ್ನು ಹತ್ತಿ ಬರುವುದಿಲ್ಲವೆಂದಾಗ ಅವನು ಬೆಟ್ಟವಿಳಿದು ಅದನ್ನು ಹೊತ್ತು ತಂದಿದ್ದ.

ಅನೆಸ್ತಿಸ್ ದಸ್ತಗಿರಿಯ ಮಾತುಗಳನ್ನು ನಿಯಮದ ಪ್ರಕಾರ ಓದಿ ಹೇಳಿದ. ಜಿಸಿಸ್ ಕದಲಲಿಲ್ಲ. ಆ ಮಾತುಗಳು ಬೇರೆ ಯಾರಿಗೋ ಎಂಬಂತೆ ಮರವನ್ನು, ಈಗ ಬರಿದಾದ ಕವಲನ್ನು ನೋಡುತ್ತ ನಿಂತಿದ್ದ. ಗಾಳಿಗೆ ಎಲೆಗಳು ಉದುರಿದವು.

ಇನ್‌ಸ್ಪೆಕ್ಟರ್ ಹೊರತೆಗೆದಿದ್ದ ಕೈಕೋಳವನ್ನು ಜೇಬಿಗೆ ಹಿಂತಿರುಗಿಸಿ ಜೀಪಿನ ಬಾಗಿಲು ತೆರೆದ. ಫೋನಿನಲ್ಲಲ್ಲದೆ, ಎದುರಿಗಿದ್ದವರಿಗೆ ಆ ಶಬ್ದವನ್ನು ಅವನು ಆಡಿ ಎಷ್ಟೋ ಕಾಲವಾಗಿತ್ತು.

“ಎಲಾ, ಜಿಸಿಸಣ್ಣಾ,” ಎಂದ.

ಜಿಸಿಸ್ ತಲೆಯೆತ್ತಿ ನೋಡಿದ. ಬಟ್ಟೆಚೀಲವನ್ನು ನಾಲ್ಕಾಗಿ ಮಡಿಸಿ ಕೋಟಿನ ಜೇಬಿನಲ್ಲಿಟ್ಟುಕೊಂಡು, ಬಂದ.