ಕಡವಿನ ರುಕ್ಕುವನ್ನು ಕೊಂದವರು

ರುಕ್ಕು ಸತ್ತದ್ದು ಭಾನುವಾರ ಮಧ್ಯಾಹ್ನ ಒಂದು ಗಂಟೆ ಹನ್ನೊಂದು ನಿಮಿಷಕ್ಕೆ. ಆ ಹೊತ್ತಿನಲ್ಲಿ ನಾನು ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇ. ಆದರೆ "ನಡ್ದದ್ದನ್ನ್ ನಡ್ದ್ ಹಾಂಗೇ ಬರಿ ಕುಷ್ಟ, ನಿನ್ ಮಸಾಲೆ ಬ್ಯಾಡ" ಎಂದು ಕುಷ್ಟನೆಂಬ ನನಗೆ ನೆರೆಮನೆಯ ವನಜಕ್ಕ ಕಟ್ಟಪ್ಪಣೆ ಮಾಡಿದ್ದಾರೆ.

ರುಕ್ಕು ರಕ್ತಮಾಂಸದ ಹೆಂಗಸಲ್ಲ, ಕಾದಂಬರಿಯವಳು. ಮೂವತ್ತು ವರ್ಷ ಡೊಂಬಿವಿಲಿಯಲ್ಲಿ ಹೋಟೆಲು ನಡೆಸಿ ಕೋಟಕ್ಕೆ ಮರಳಿದ ಲೀಲಾಧರಣ್ಣ 'ಹಳೆ ಕಡವು' ಎಂಬ, ಹೊಳೆ ದಾಟಿಸುವ ದೋಣಿಗಟ್ಟೆಯ ಕಾದಂಬರಿಯನ್ನು ವಾರಕ್ಕೊಂದು ಕಂತಿನಂತೆ ವಾಟ್ಸಾಪ್ ಗುಂಪೊಂದರಲ್ಲಿ ಹಾಕುತ್ತಿದ್ದರು. ಓದುವವರು ಸುಮ್ಮನಿರುತ್ತಾರೆಯೇ? ತಾಳಮದ್ದಲೆಯಲ್ಲಿ ವೇಷ ಹಾಕದೆ ಕುಳಿತೇ ಪಾತ್ರದ ಮಾತು ಆಡುವುದಿಲ್ಲವೇ, ಹಾಗೆ ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು ಗುಂಪಿನಲ್ಲಿ ಮಾತಿಗಿಳಿದರು. ಗುಂಪು ನೋಡಿಕೊಳ್ಳುವ ರೋಹನ್‌ಗೆ, ತಾಳಮದ್ದಲೆಯನ್ನು ಹಾಡಿ ನಡೆಸುವವನ ಹಾಗೆ, ಭಾಗವತ ಎಂದೇ ಹೆಸರಾಯಿತು. ಪಾತ್ರಧಾರಿ ಬಾಯಿ ತೆರೆಯುವ ಮುಂಚೆ "ಭಾಗವತರೇ, ಅಪ್ಪಣೆ" ಎಂದು ಬರೆಯಬೇಕು. ಕತೆ ಬರೆಯುವ ಲೀಲಾಧರಣ್ಣನಿಗೆ ಮಾತ್ರ ಆ ಕಟ್ಟಳೆ ಇಲ್ಲ.

ಕುಂಭಾಶಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ ಸಿಕ್ಕಿದ್ದು ಗೂಡಂಗಡಿ ಸೋಮನ ಪಾತ್ರ. ತಿಂಗಳಿಗೆ ಎರಡು ಮಾತು, ಎರಡೂ ಬೀಡಿಯ ಬಗ್ಗೆ. ದೋಣಿ ನಡೆಸುವ ರುಕ್ಕು ಆಗಿದ್ದವಳು ಬ್ರಹ್ಮಾವರದ ಸೌಮ್ಯಶ್ರೀ. ಅವಳ ಹಗೆ ಸಾವ್ಕಾರ್ತಿ ಪದ್ದು ಆಗಿದ್ದವಳು ಬೈಂದೂರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿರುವ ಅನಿಷಾ. ಇಬ್ಬರೂ ಜಗಳಕ್ಕೆ ನಿಂತರೆ ಊರಿಗೆ ಊರೇ ಕೆಲಸ ಬಿಟ್ಟು ಮೊಬೈಲು ನೋಡುತ್ತಿತ್ತು.

ಮಂಗಳವಾರ ಬೆಳಿಗ್ಗೆ ಸೌಮ್ಯಶ್ರೀಯ ತಂಗಿ ಸುಪ್ರೀತಾ ನನ್ನ ಅಂಗಡಿಯ ಹಿಂದಿನ ಮನೆಗೆ ಬಂದಳು. ಅದು ವನಜಕ್ಕನ ಮನೆ. ಅವರು ಕುಂದಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಕಳೆದುಹೋದ ಸರದಿಂದ ಹಿಡಿದು ಓಡಿಹೋದ ಮದುಮಗನ ತನಕ ಸುತ್ತಲಿನ ಊರುಗಳ ಗಂಟುಗಳೆಲ್ಲ ಬಿಚ್ಚುವುದು ಅಲ್ಲಿಯೇ.

"ವನಜಕ್ಕ, ನೀವೇ ದಾರಿ ತೋರ್ಸಿ," ಸುಪ್ರೀತಾ ಕೂರುವ ಮೊದಲೇ ಅತ್ತಳು. "ಅಕ್ಕಂಗೆ ಹೊಟ್ಟೆಲ್ ಗಡ್ಡೆ. ಬಪ್ಪು ಸೋಮವಾರ ಆಪರೇಷನ್. ಬೇಗ ಮಾಡ್ರೆ ಪೂರ್ತಿ ಗುಣ ಆತ್ತ್ ಅಂದಿದ್ರ್ ಡಾಕ್ಟ್ರು. ಈಗ ಕಂಡ್ರೆ, 'ರುಕ್ಕುನೇ ಸತ್ ಮೇಲೆ ನಾ ಎಂತಕ್ಕೆ ಹೋಯ್ಕ್? ಹೋತಿಲ್ಲೆ' ಅಂತ್ಳ್. ಗುಂಪೂ ಬಿಟ್ಳ್, ಫೋನೂ ಎತ್ತೂದಿಲ್ಲ."

"ಕೊಂದದ್ದ್ ಯಾರ್ ಅಂತ ಗೊತ್ತಾರೆ ಹೋತ್ಳಾ?"

"ಅವ್ರ್ ಬಂದ್ ತಪ್ಪಾಯ್ತ್ ಅಂದ್ರೆ ಹೋಗೂಕ್ ಸಾಕ್. ನಂಗ್ ಬೇರೆ ಎಂತದೂ ಹೊಳಿತಿಲ್ಲೆ."

ಭಾನುವಾರ ನಡೆದದ್ದನ್ನು ನಾನು ವಿವರಿಸಿದೆ. ಗುಂಪಿನವರು ಮೊದಲ ಸಲ ಮುಖತಃ ಸೇರಿದ್ದು ಕೋಟದ ಲೀಲಾಧರಣ್ಣನ ಮನೆಯಲ್ಲಿ. ಮಾತಿನ ನಡುವೆ ಕಿರಿಕಿರಿ ಬೇಡವೆಂದು ಮೊಬೈಲುಗಳನ್ನೆಲ್ಲ ಚಾವಡಿಯಲ್ಲಿ ಒಂದು ಬುಟ್ಟಿಗೆ ಹಾಕಿಸಿದ್ದರು. ಲೀಲಾಧರಣ್ಣನ ಫೋನಿಗೆ ಬೀಗವೇ ಇಲ್ಲ. ಹೋಟೆಲಿನಲ್ಲಿ ಯಾರು ಬೇಕಾದರೂ ಎತ್ತಿ ಆರ್ಡರ್ ಬರೆದುಕೊಳ್ಳುತ್ತಿದ್ದ ಕಾಲದ ರೂಢಿ, ಅದು ಎಲ್ಲರಿಗೂ ಗೊತ್ತು. ಊಟ ಮುಗಿಸಿ ಫೋನು ತೆಗೆದರೆ ಅವರ ನಂಬರಿನಿಂದ ಈ ಬರಹ:

"ಭಾಗವತರೇ, ಅಪ್ಪಣೆ. ಗಾಳಿ ಎದ್ದಿತ್ತು. ಕಡೆಯ ಪ್ರಯಾಣಿಕನೂ ಆಚೆ ದಡದಲ್ಲಿ ಇಳಿಯುವ ತನಕ ರುಕ್ಕು ಕೂರಲಿಲ್ಲ. ಆಮೇಲೆ ಹುಟ್ಟನ್ನು ಪದ್ದುವಿನ ಕೈಗೆ ಕೊಟ್ಟಳು. ಜೋಪಾನ ಅಂದಳು. ಕಣ್ಣು ಮುಚ್ಚಿದಳು."

"ಪಂಕ್ತಿ ಬಿಟ್ಟ್ ಹೊರಗಿದ್ದವ್ರ್ ಯಾರ್ಯಾರ್?" ವನಜಕ್ಕ ಕೇಳಿದರು.

"ಊಟದ ನಡುವೆ ಯಾರೂ ಏಳಲಿಲ್ಲ. ರೋಹನ್ ಬಡಿಸೂಕೆ ಒಳಗೆ ಹೊರಗೆ ಓಡ್ತಿದ್ದ. ಸೌಮ್ಯಶ್ರೀ ಪಾಪ ಗಂಜಿ ಕುಡ್ದ್ ಚಾವಡಿ ಪಕ್ಕದ ಕೋಣೆಲ್ ಮಲ್ಗಿದ್ಳ್. ಆ ಅನಿಷಾ ಬಸ್ಸು ತಡ ಅಂತ ಕತೆ ಹೊಡ್ದ್, ನಾವ್ ಕೈ ತೊಳೂಕ್ ಎದ್ದಾಗ ಬಂದ್ಳ್. ನನ್ನ್ ಕೇಳ್ರೆ ಅದ್ರದ್ದೇ ಕೆಲ್ಸ! ರುಕ್ಕು ಸತ್ರೆ ಕಡವು ಪದ್ದುಗೇ ಅಲ್ದಾ? ಗುಂಪಿನವ್ರೆಲ್ಲ ಅನಿಷಾಗೆ ಮಂಗಳಾರತಿ ಎತ್ತ್ಯಾಯ್ತ್."

ನಾನೂ ಎತ್ತಿದ್ದೆ, ಕಟುವಾಗಿಯೇ. ಸೋಮನಾಗಿ ಅಲ್ಲ, ಕುಷ್ಟನಾಗಿ.

ವನಜಕ್ಕ ನನ್ನ ಮೊಬೈಲು ತೆಗೆದುಕೊಂಡು ಭಾನುವಾರದ ಮಾತುಗಳನ್ನು ಬೆರಳಿನಿಂದ ಮೇಲಕ್ಕೆ ಮೇಲಕ್ಕೆ ಸರಿಸಿದರು. ಇನ್ನೂರು ಮುನ್ನೂರು ಅಳು, ಬೈಗುಳ, ಪ್ರಶ್ನೆ. ಬಹಳ ಹೊತ್ತು ನೋಡಿ "ಹೂಂ" ಎಂದು ವಾಪಸು ಕೊಟ್ಟರು. ಏನು ಕಂಡರೆಂದು ಕೇಳಿದ್ದಕ್ಕೆ, "ನೀನೂ ಕಾಣ್, ಕಣ್ಣಿಲ್ದಾ?" ಎಂದರು. ನನಗೆ ಸಿಟ್ಟು ಬಂತು. ನೋಡಲಿಲ್ಲ.

ಮರುದಿನ ನನ್ನ ಓಮ್ನಿಯಲ್ಲಿ ಕೋಟಕ್ಕೆ ಹೋದೆವು. ಲೀಲಾಧರಣ್ಣ ಮೂರು ದಿನದಲ್ಲಿ ಬಾಡಿಹೋಗಿದ್ದರು.

"ದೇವರಾಣೆ ನಾ ಬರ್ದದ್ದಲ್ಲ ವನಜಕ್ಕ. ಆ ಹೆಣ್ಣ್ ನಂಗೆ ಮಗಳ್ ಇದ್ದ್ ಹಾಂಗೆ. ಅವತ್ತ್ ಬಂದದ್ದೇ ಈ ಪುಸ್ತಕ ಕೊಟ್ಳ್, ಕಾಣಿ."

ಅದು ಇನ್ನೂರು ಪುಟದ ನೋಟ್‌ಬುಕ್ಕು. ರುಕ್ಕು ಎಲ್ಲಿ ಹುಟ್ಟಿದಳು, ಯಾವ ಸೀರೆ ಇಷ್ಟ, ಯಾರ ಮೇಲೆ ಏಕೆ ಸಿಟ್ಟು, ಬೈಯುವ ಮೊದಲು ಎಷ್ಟು ಹೊತ್ತು ಸುಮ್ಮನಿರುತ್ತಾಳೆ, ಎಲ್ಲವನ್ನೂ ಸೌಮ್ಯಶ್ರೀ ಬರೆದಿಟ್ಟಿದ್ದಳು. ತಾಳಮದ್ದಲೆಯಲ್ಲಿ ಪಾತ್ರದ ಮಾತು ಆಡುವ ಅರ್ಥಧಾರಿಯಾಗಿದ್ದ ಅವಳ ತಂದೆಗೂ ಪಾತ್ರಕ್ಕೊಂದು ಪುಸ್ತಕ ಇತ್ತಂತೆ.

"ಯಾವಾಗ ಕೊಟ್ಟದ್ದ್? ಊಟಕ್ಕೆ ಮುಂಚೆಯಾ, ಆಮೇಲೆಯಾ?"

"ಮುಂಚೆ. ಹತ್ತೂವರೆ ಆಯಿಪ್ಪುದ್. 'ಇದ್ ನಿಮ್ಮತ್ರ ಇರ್ಲಿ ಅಣ್ಣ' ಅಂದ್ಳ್."

ವನಜಕ್ಕ ಪುಸ್ತಕವನ್ನು ಎದೆಗೊತ್ತಿಕೊಂಡು ಎದ್ದರು. ಕಾರು ಹತ್ತುವಾಗ, "ಶನಿವಾರ ಲೀಲಾಧರ, ರೋಹನ್ ಇಬ್ರನ್ನೂ ಸೌಮ್ಯಶ್ರೀ ಮನೆಗೆ ಕರಿ. ಅನಿಷಾನ್ನೂ. ಬತ್ತಿಲ್ಲೆ ಅಂದ್ರೆ ನೀನೇ ಹೋಗಿ ಕರ್ಕಂಡ್ ಬಾ. ತಪ್ಪಾಯ್ತ್ ಅಂದೇ ಕರಿ" ಎಂದರು.

"ನಾ ಎಂತಕ್ಕೆ ತಪ್ಪಾಯ್ತ್ ಅನ್ಕ್?"

"ಮೊಬೈಲ್ ಮೇಲೆ ಸರ್ಸಿ ಕಾಣ್, ಗೊತ್ತಾತ್ತ್."

ಈ ಸಲ ನೋಡಿದೆ. ನೋಡಿ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮರುದಿನ ಬೈಂದೂರಿಗೆ ಹೋಗಿ, ಪಾರ್ಲರಿನ ಬಾಗಿಲಲ್ಲಿ ನಾಲ್ಕು ಗಿರಾಕಿಗಳ ಎದುರೇ ಕ್ಷಮೆ ಕೇಳಿದೆ. ಅನಿಷಾ ಬಾಚಣಿಗೆ ಕೆಳಗಿಡದೆ, "ಈಗ್ಲಾರೂ ಕಣ್ ಕಂಡಿತಲ್ಲ ಮಾರಾಯ್ರೆ" ಎಂದಳು. ಬರುತ್ತೇನೆಂದೂ ಹೇಳಿದಳು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಬ್ರಹ್ಮಾವರದ ಮನೆಯ ಹಾಲಿನಲ್ಲಿ ನಾವು ಏಳು ಜನ ಕೂತೆವು. ಸೌಮ್ಯಶ್ರೀ ಮಂಚದ ಮೇಲೆ ಗೋಡೆಗೆ ಒರಗಿದ್ದಳು. ಆಸ್ಪತ್ರೆಯ ಫೈಲು ಮೇಜಿನ ಮೇಲಿತ್ತು; ಅವಳು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ವನಜಕ್ಕ ಶುರು ಮಾಡಿದರು. "ಬರಹ ಲೀಲಾಧರನ ಫೋನಿಂದ ಬಂದದ್ದ್. ಆದ್ರೆ 'ಭಾಗವತರೇ, ಅಪ್ಪಣೆ' ಅಂತ ಶುರು ಆಯ್ತ್. ಲೀಲಾಧರ ಒಂದ್ ದಿನವೂ ಅಪ್ಪಣೆ ಕೇಳ್ದವನಲ್ಲ. ರೋಹನ್ ಬರೆದಿದ್ರೆ ತನ್ನ ಹತ್ರ ತಾನೇ ಅಪ್ಪಣೆ ಕೇಳೂಕಿಲ್ಲ. ಅಂದ್ರೆ ಬರ್ದವ್ರ್ ಪಾತ್ರ ಹಿಡ್ದವ್ರ್. ಕೈ ರೂಢಿ, ತಡೂಕ್ ಆಯ್ಲಿಲ್ಲ."

ಎಲ್ಲರ ಕಣ್ಣೂ ಅನಿಷಾಳ ಮೇಲೆ ಬಿತ್ತು.

"ಅಲ್ಲಿ ಕಾಂಬುದ್ ಬ್ಯಾಡ. ಸಾವಿನ ಸುದ್ದಿಗಿಂತ ಒಂದೇ ಮಾತು ಮೇಲೆ ಅನಿಷಾ ಒಂದ್ ಫೋಟೋ ಹಾಕಿತ್. ಬಸ್ಸಿನ ಕಿಟಕಿಯಿಂದ ಆನೆಗುಡ್ಡೆ ದೇವಸ್ಥಾನದ ದ್ವಾರ. 'ಈಗಷ್ಟೇ ಕುಂಭಾಶಿ. ನಂಗೆ ಪಾಯಸ ಉಳ್ಸಿ.' ಹೊತ್ತು ಒಂದು ಹತ್ತು. ಒಂದೇ ನಿಮಿಷದಲ್ಲಿ ಕುಂಭಾಶಿಯಿಂದ ಕೋಟಕ್ಕೆ ಹಾರಿ ಹೋಪುಕೆ ಆತ್ತಾ? ಎಲ್ಲರ ಮೊಬೈಲೂ ಬುಟ್ಟಿಲ್. ಆಮೇಲೆ ಎಲ್ಲರೂ ಕೆಳಗಿನಿಂದ ಬೈದದ್ದೇ ಬೈದದ್ದ್, ಮೇಲೆ ಸರ್ಸಿ ಕಂಡವ್ರ್ ಒಬ್ರೂ ಇಲ್ಲ."

ರೋಹನ್ ತಲೆ ತಗ್ಗಿಸಿದ. ಸೌಮ್ಯಶ್ರೀ ಬೆಚ್ಚಿಬಿದ್ದಳು. "ಅನಿಷಾಗೆ ಬೈದ್ರಾ? ಎಂತಕ್ಕೆ? ನಾ ಗುಂಪು ಬಿಟ್ಟಿದ್ದೆ, ನಂಗ್ ಗೊತ್ತೇ ಇಲ್ಲೆ."

"ಹೌದ್ ಹೆಣ್ಣೇ, ನಿಂಗ್ ಗೊತ್ತಿಲ್ಲ." ವನಜಕ್ಕನ ದನಿ ತಗ್ಗಿತು. "ಈಗ ಆ ಸಾವನ್ನೇ ಕಾಣಿ. ದ್ವೇಷ ಇದ್ದವ್ರ್ ಆದ್ರೆ ರುಕ್ಕುನ ಹೊಳೆಗೆ ನೂಕ್ತಿದ್ರ್. ಇಲ್ಲಿ ಹಾಂಗಲ್ಲ. ಎಲ್ಲರನ್ನೂ ದಡ ಮುಟ್ಸಿ, ಹುಟ್ಟನ್ನ ಒಬ್ರ್ ಕೈಗೆ ಕೊಟ್ಟ್, ಜೋಪಾನ ಅಂದ್ ಹೋದ್ಳ್. ಕೂಟದ ನಡುವೆ ಏಳೂಕಾದ ಅರ್ಥಧಾರಿ ಪಾತ್ರವನ್ನ ಅರ್ಧದಲ್ಲ್ ಬಿಟ್ಟ್ ಹೋತಿಲ್ಲ, ಒಂದ್ ನೆಲೆಗೆ ತಂದ್ ಏಳ್ತ. ಅರ್ಥಧಾರಿಯ ಮಗಳಿಗೆ ಅದ್ ಯಾರೂ ಕಲ್ಸಿ ಕೊಡ್ಕಿಲ್ಲ. ರುಕ್ಕು ಸತ್ತದ್ದ್ ಒಂದು ಗಂಟೆಗೆ. ರುಕ್ಕುವಿನ ಪುಸ್ತಕ ಲೀಲಾಧರನ ಕೈಗೆ ಬಂದದ್ದ್ ಹತ್ತೂವರೆಗೆ. ಅವಳ್ ಸಾಯ್ತ್ಳ್ ಅಂತ ಅಷ್ಟ್ ಮುಂಚೆ ಗೊತ್ತಿದ್ದದ್ದ್ ಯಾರಿಗೆ?"

ಚಾವಡಿಯ ಪಕ್ಕದ ಕೋಣೆಯಲ್ಲಿ ಮಲಗಿದ್ದವಳನ್ನು ನಾನು 'ಪಾಪ' ಎಂದು ಬಿಟ್ಟುಬಿಟ್ಟಿದ್ದೆ.

"ಅಕ್ಕಾ?" ಸುಪ್ರೀತಾ ಎದ್ದು ನಿಂತಳು.

ಸೌಮ್ಯಶ್ರೀ ಮುಖ ಮುಚ್ಚಿಕೊಂಡಳು. "ನಂಗ್ ಹೆದ್ರಿಕೆ ಆತ್ತ್. ಆ ಟೇಬಲ್ ಮೇಲೆ ಮಲ್ಗಿ ಮತ್ತೆ ಏಳ್ದಿದ್ರೆ? ಹೋಗ್ದಿದ್ರೂ ಗಡ್ಡೆ ಬಿಡತ್ತಾ? ರುಕ್ಕು ಒಂದ್ ಮಾತ್ ಅರ್ಧ ಆಡಿ ಹಾಂಗೇ ನಿಂತ್ ಹೋತ್ಳ್. ನೀವೆಲ್ಲ ಕಾದ್ ಕಾದ್ ಮರ್ತ್ ಬಿಡ್ತ್ರಿ. ಅದಕ್ಕೆ ನಾನೇ ಕಳ್ಸಿ ಕೊಟ್ಟೆ."

"ರುಕ್ಕು ಸತ್ತದ್ದಕ್ಕೆ ನೀ ಆಪರೇಷನ್ ಬ್ಯಾಡ ಅಂದದ್ದಲ್ಲ," ವನಜಕ್ಕ ಮಂಚದ ಅಂಚಿನಲ್ಲಿ ಕೂತು ಅವಳ ಕೈ ಹಿಡಿದರು. "ಹೋತಿಲ್ಲೆ ಅಂತ ನೀ ಮೊದ್ಲೇ ನಿಶ್ಚಯ ಮಾಡಿದ್ದೆ."

ಅವಳು ತಲೆಯಾಡಿಸಿದಳು. ಸುಪ್ರೀತಾ ಅಕ್ಕನ ಕಾಲ ಬಳಿ ಕುಸಿದು ಕೂತು ಗೊಳೋ ಎಂದು ಅತ್ತಳು. ಕೊಂದವಳು ಸಿಕ್ಕಿದರೂ ಸೋಮವಾರದ ಪ್ರಶ್ನೆ ಹಾಗೆಯೇ ಉಳಿದಿತ್ತು.

ಆಗ ಅನಿಷಾ ಕೆಮ್ಮಿದಳು. "ಆಯ್ತ್ ಹಾಂಗಾರೆ. ತಾಳಮದ್ದಲೆಲ್ ಒಂದೇ ಪಾತ್ರವನ್ನ ಇಬ್ರ್ ಹಂಚ್ಕಂತ್ರಲೆ, ಮೊದ್ಲರ್ಧ ಒಬ್ರ್, ಉಳ್ದದ್ದ್ ಇನ್ನೊಬ್ರ್? ಸೋಮವಾರದಿಂದ ರುಕ್ಕು ಮಾತ್ ನಾ ಆಡ್ತೆ. ನೀವ್ ವಾಪಾಸ್ ಬಪ್ಪು ತನಕ."

"ನೀನಾ?" ಸೌಮ್ಯಶ್ರೀ ಕೈ ಕೆಳಗಿಳಿಸಿದಳು.

"ನಾನೇ. ಎಂತ ದೊಡ್ಡ ಬ್ರಹ್ಮವಿದ್ಯೆ ಅದ್? ನಾಕ್ ಬೈಗುಳ, ಎರಡ್ ಕಣ್ಣೀರ್."

"ರುಕ್ಕು ಅಳೂದಿಲ್ಲ!"

"ನನ್ ರುಕ್ಕು ಅಳತ್ಳ್. ಪದ್ದು ಕಾಲಿಗೂ ಬೀಳತ್ಳ್."

"ಲೀಲಾಧರಣ್ಣ, ಇದ್ರ್ ಕೈಗೆ ಕೊಡ್ಬೇಡಿ! ಎಲ್ಲ ಹಾಳ್ ಮಾಡತ್ತ್!"

ಲೀಲಾಧರಣ್ಣ ಕಣ್ಣೊರೆಸಿಕೊಳ್ಳುತ್ತಲೇ ಗಂಭೀರವಾಗಿ ಹೇಳಿದರು. "ನನ್ನ ಕತೆಲ್ ಸಾಯ್ಸೂ ಅಧಿಕಾರ ಯಾರಿಗೂ ಕೊಟ್ಟಿಲ್ಲೆ. ರುಕ್ಕುಗೆ ಎಚ್ಚರ ತಪ್ಪಿದ್ದ್ ಅಷ್ಟೇ, ಇವತ್ತೇ ಬರಿತೆ. ಆದ್ರೆ ಮಾತಾಡೂಕೆ ಯಾರಾರೂ ಬೇಕಲ್ಲ. ನೀ ಇಲ್ಲೇ ಹೀಂಗೇ ಮಲ್ಗಿದ್ರೆ ಅನಿಷಾನೇ ಗತಿ."

ಸೌಮ್ಯಶ್ರೀ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕೊನೆಗೆ ತಂಗಿಯ ಕಡೆ ತಿರುಗಿ, "ಸೋಮವಾರ ಎಷ್ಟ್ ಗಂಟೆಗೆ ಹೋಯ್ಕ್?" ಎಂದು ಕೇಳಿದಳು.

ಸೋಮವಾರ ಬೆಳಿಗ್ಗೆ ಏಳಕ್ಕೆ ನಾನೇ ಓಮ್ನಿಯಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ನನ್ನ ಮೊಬೈಲಿನಲ್ಲಿ, ಅನಿಷಾ ಬೆಳಗಿನ ಜಾವವೇ ಶುರು ಮಾಡಿದ್ದ ರುಕ್ಕುವಿನ ಮಾತು ಓದಿ "ಥೂ, ಇದೆಂತ ಮಾತಾ!" ಎಂದು ಬೈಯುತ್ತಿದ್ದಳು. ಆಸ್ಪತ್ರೆಯ ಬಾಗಿಲಲ್ಲಿ ಮಾತ್ರ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಅವಳ ಕೈ ತಣ್ಣಗಿತ್ತು.

ಆಮೇಲಿನ ಒಂಬತ್ತು ದಿನ ಗುಂಪಿನಲ್ಲಿ ಅನಿಷಾ ಮನಸ್ಸಿಗೆ ಬಂದಂತೆ ರುಕ್ಕುವನ್ನು ಅಳಿಸಿದಳು, ಬೀಳಿಸಿದಳು, ಹಾಡು ಕೂಡ ಹೇಳಿಸಿದಳು. ಬೇಕೆಂದೇ ಮಾಡುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ಹತ್ತನೆಯ ದಿನ ಬೆಳಿಗ್ಗೆ ನಾನು ಯಾರದೋ ಆಧಾರ್ ಕಾರ್ಡು ಜೆರಾಕ್ಸ್ ಮಾಡುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಸೌಮ್ಯಶ್ರೀ ಗುಂಪಿಗೆ ಮರಳಿದ್ದಳು. ಅಪ್ಪಣೆಯಿಲ್ಲ, ನಮಸ್ಕಾರವಿಲ್ಲ, ಒಂದೇ ಸಾಲು.

"ಏಯ್ ಅನಿಷಾ, ಸಾಕ್ ನಿನ್ ಅಳು. ಏಳ್ ಅಲ್ಲಿಂದ, ಅದ್ ನನ್ ಜಾಗ."

ನಾನು ಅಂಗಡಿ ಬಿಟ್ಟು ಹಿಂದಿನ ಮನೆಗೆ ಓಡಿದೆ. ಆಪರೇಷನ್ ದಿನವೇ ಗುಂಪು ಸೇರಿದ್ದ ವನಜಕ್ಕ ಮೊಬೈಲು ಹಿಡಿದುಕೊಂಡು ಆಗಲೇ ಅಳುತ್ತಿದ್ದರು.