ಮೂರನೇ ಬೆಲ್ಟಿನ ಬೀಗ

ಉಪ್ಪಿನ ಕಾರ್ಖಾನೆಯ ಕಂಟ್ರೋಲ್ ರೂಮಿಗೆ ಸೇರಿದ ಎರಡನೇ ದಿನವೇ ಯಂತ್ರ ರಿಪೇರಿಯ ಫಿಟ್ಟರ್ ಒಬ್ಬ ಅವಳ ಮರ್ಯಾದೆ ತೆಗೆದಿದ್ದ. ಕ್ಯಾಂಟೀನಿನಲ್ಲಿ ಪಕ್ಕದಲ್ಲೇ ಕೂತಿದ್ದವನಿಗೆ, "ನಾನು ಹೊಸ ಆಪರೇಟರ್" ಎಂದು ನಗುತ್ತಾ ಹೇಳಿದಳು. ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಇನ್ನೊಮ್ಮೆ ಹೇಳಿದಳು. ಅವನು ಎದ್ದು ಕೈ ತೊಳೆಯಲು ಹೋದ. ಪ್ಯಾಕಿಂಗಿನ ಹೆಂಗಸರು ಕಿಸಕ್ಕನೆ ನಕ್ಕರು.

ಜಂಬದ ಕೋಳಿ! ಅಂದೇ ಅವನಿಗೆ ಹೆಸರಿಟ್ಟಳು.

ಎದುರಿಗೆ ನಿಂತಾಗ ಮಾತ್ರ ಅವನು ಬೇರೆಯೇ ಮನುಷ್ಯ. ದಿನಾ ಬೆಳಿಗ್ಗೆ, ರಿಪೇರಿಗಾಗಿ ಉಪ್ಪು ಸಾಗಿಸುವ ಯಾವ ಬೆಲ್ಟ್ ನಿಲ್ಲಿಸಬೇಕೆಂದು ಹೇಳಲು ಬರುತ್ತಿದ್ದ. ಅವಳು ಮಾತಾಡುವಷ್ಟು ಹೊತ್ತೂ ಅವನ ಕಣ್ಣು ಅವಳ ತುಟಿಯ ಮೇಲೇ. ಒಂದಕ್ಷರವೂ ನೆಲಕ್ಕೆ ಬೀಳಬಾರದು ಎಂಬಂತೆ ನೋಡುತ್ತಿದ್ದ. ಮೂವತ್ತೊಂದು ವರ್ಷದ ಹೆಣ್ಣಿಗೆ ಕೆನ್ನೆ ಬಿಸಿಯಾಗಿ, ಮೀಟರುಗಳ ಕಡೆ ತಿರುಗಿಬಿಡುತ್ತಿದ್ದಳು. ಹಾಗೆ ತಿರುಗಿ ಏನಾದರೂ ಕೇಳಿದರೆ ಉತ್ತರವೇ ಇಲ್ಲ. ಮತ್ತೆ ಮೈಯೆಲ್ಲಾ ಉರಿ.

ಆ ಕಾರ್ಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಬೆಲ್ಟಿನ ಕೆಳಗೆ ಇಳಿಯುವವರು ಮೊದಲು ಅದರ ಮೇನ್ ಸ್ವಿಚ್ ಆಫ್ ಮಾಡಿ, ತಮ್ಮದೇ ಬೀಗ ಹಾಕಿ, ಕೀ ಜೇಬಿಗಿಟ್ಟುಕೊಳ್ಳಬೇಕು. ಹಾಕಿದವರೇ ತೆಗೆಯಬೇಕು. ತಿರುಗುವ ರೋಲರಿಗೂ ಬೆಲ್ಟಿಗೂ ನಡುವೆ ಬೆರಳು ಸಿಕ್ಕರೆ, ಬಾಯಿ ತೆರೆಯುವಷ್ಟರಲ್ಲಿ ತೋಳೇ ಹೋಗಿರುತ್ತದೆ.

ಒಂದು ಮಂಗಳವಾರ ಮಧ್ಯಾಹ್ನ, ಶಿಫ್ಟ್ ಬದಲಾದ ಮೇಲೂ ಮೂರನೇ ಬೆಲ್ಟಿನ ಸ್ವಿಚ್ಚಿನಲ್ಲಿ ಫಿಟ್ಟರನ ಬೀಗ ನೇತಾಡುತ್ತಿತ್ತು. ಹೊರಗೆ ನಾಲ್ಕು ಲಾರಿ ಕಾಯುತ್ತಿದ್ದವು. ಸೂಪರ್‌ವೈಸರ್ ಕಟರ್ ಹಿಡಿದುಕೊಂಡೇ ಕಂಟ್ರೋಲ್ ರೂಮಿಗೆ ಬಂದ.

"ಅವನು ಮರೆತು ಮನೆಗೆ ಹೋಗಿದ್ದಾನಮ್ಮ. ಗೇಟ್ ದಾಟೋದು ನಾನೇ ನೋಡ್ದೆ. ಬೀಗ ಕತ್ತರಿಸ್ತೀನಿ, ನೀನು ಸ್ಟಾರ್ಟ್ ಕೊಡು."

"ಒಂದು ನಿಮಿಷ ಸರ್."

ಅವಳು ಮೈಕಿನಲ್ಲಿ ಮೂರು ಸಲ ಕರೆದಳು. ಯಾರೂ ಬರಲಿಲ್ಲ.

"ಇದ್ದಿದ್ರೆ ಕೇಳಿಸ್ತಿರಲಿಲ್ವಾ?"

"ಅವರು ಹೋಗಿದ್ರೆ ಒಳ್ಳೇದೇ. ಆದರೆ ನನ್ನ ಕಣ್ಣಾರೆ ನೋಡದೆ ನಾನು ಬಟನ್ ಒತ್ತಲ್ಲ. ಬೇಕಾದ್ರೆ ನನ್ನ ಮೇಲೆ ದೂರು ಬರೆದುಕೊಡಿ."

ಟಾರ್ಚ್ ಹಿಡಿದು ಬೆಲ್ಟಿನುದ್ದಕ್ಕೂ ನಡೆದಳು. ಕೊನೆಯ ರೋಲರಿನ ಕೆಳಗೆ, ಉಪ್ಪಿನ ಹೆಂಟೆಗಳ ನಡುವೆ, ಎರಡು ಬೂಟು ಕಾಣಿಸಿದವು. ಒಳಗಿನಿಂದ ಗಟ್ಟಿ ಉಪ್ಪನ್ನು ಕೆರೆಯುವ ಸದ್ದು ಬರುತ್ತಿತ್ತು.

ಅವಳು ಅಲ್ಲೇ ಮಂಡಿಯೂರಿ ಆ ಬೂಟನ್ನು ಅಲ್ಲಾಡಿಸಿದಳು. ಅವನು ಜಾರಿಕೊಂಡು ಹೊರಬಂದ. ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ.

"ಮೂರು ಸಲ ಕರೆದೆ! ಬದುಕಿದ್ದೀರೋ ಇಲ್ವೋ ಅಂತ..." ಮುಖ ಮುಚ್ಚಿಕೊಂಡಳು.

"ಕೈ ತೆಗೀರಿ," ಅವನು ಮೆಲ್ಲಗೆ ಅಂದ. "ಬಾಯಿ ಕಾಣದಿದ್ರೆ ನೀವು ಹೇಳೋದು ನನಗೆ ಗೊತ್ತಾಗಲ್ಲ."

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಕ್ಯಾಂಟೀನು, ಉತ್ತರವಿಲ್ಲದ ಪ್ರಶ್ನೆಗಳು, ಆ ನೋಟ. ಹೋದ ಜೀವ ಬಂದಂತಾಗಿದ್ದರೂ ಒಳಗೆಲ್ಲೋ ಚುರುಕ್ ಎಂದಿತು.

"ಅಂದ್ರೆ ಇಷ್ಟು ದಿನ ನೀವು ನೋಡ್ತಿದ್ದದ್ದು ಬರೀ ಮಾತು ತಿಳ್ಕೊಳ್ಳೋಕೆ?"

ಅವನು ತಲೆ ತಗ್ಗಿಸಿದ. "ಮೊದಲ ವಾರ ಹೌದು."

ಅವನ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಅರ್ಧ. ಹತ್ತು ವರ್ಷ ಯಂತ್ರಗಳ ಗದ್ದಲದಲ್ಲಿ ಕಳೆದದ್ದರ ಫಲ. ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಮ್ಮೆ ನಿಶ್ಚಯವಾಗಿದ್ದ ಮದುವೆ ಇದೇ ಕಾರಣಕ್ಕೆ ಮುರಿದಿತ್ತು. ಈಗ ಕೆಲಸವೂ ಹೋದರೆ ಅಂತ ಬಾಯಿಗೆ ಬೀಗ.

"ನೀವೂ ಹೇಳಬೇಡಿ," ಎಂದ.

"ನಾನು ಹೇಳಲ್ಲ. ನೀವೇ ಹೇಳಬೇಕು, ಸೋಮವಾರದೊಳಗೆ. ಇಲ್ಲದಿದ್ರೆ ನಾನು ಸುಮ್ಮನಿರಲ್ಲ." ಒಂದೊಂದೇ ಪದವನ್ನು ಬಿಡಿಸಿ ಹೇಳಿದಳು. "ಇನ್ನೊಂದು ಸಲ ಆ ಬೂಟು ಹುಡುಕಿಕೊಂಡು ಬರೋ ಶಕ್ತಿ ನನಗಿಲ್ಲ."

ಆ ವಾರ ಅವನು ಕಂಟ್ರೋಲ್ ರೂಮಿನ ಕಡೆ ಸುಳಿಯಲಿಲ್ಲ. ಬೆಲ್ಟ್ ನಿಲ್ಲಿಸಲು ಬೇರೆ ಯಾರೋ ಬರುತ್ತಿದ್ದರು. ಬಾಗಿಲು ಸದ್ದಾದಾಗಲೆಲ್ಲ ಅವಳು ತಿರುಗಿ ನೋಡುತ್ತಿದ್ದಳು. ಒಬ್ಬ ಮನುಷ್ಯನ ಅನ್ನಕ್ಕೆ ಕಲ್ಲು ಹಾಕಿದೆನಾ ಎಂದು ಯೋಚಿಸಿ ಯೋಚಿಸಿ ಅವಳಿಗೆ ಊಟ ಸೇರದಾಯಿತು.

ಸೋಮವಾರ ಶಿಫ್ಟ್ ಮುಗಿದಾಗ ಅವನು ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದ.

"ಹೇಳ್ದೆ. ಡಾಕ್ಟರ ಹತ್ತಿರ ಕಳಿಸಿದ್ರು. ಬೆಲ್ಟಿನ ಕೆಲಸದಿಂದ ತೆಗೆದ್ರು. ಇನ್ಮೇಲೆ ವರ್ಕ್‌ಶಾಪಲ್ಲಿ ಕೂತು ರೋಲರ್ ರಿಪೇರಿ."

"ನನ್ನ ಮೇಲೆ ಕೋಪ ಇದೆಯಾ?"

"ಮೂರು ದಿನ ಇತ್ತು. ಆಮೇಲೆ ಸೂಪರ್‌ವೈಸರ್ ಕಟರ್ ತಂದಿದ್ದು ಗೊತ್ತಾಯ್ತು. ನೀವು ಎದ್ದು ಬರದೇ ಇದ್ದಿದ್ರೆ..." ಅವನು ಸೈಕಲ್ಲಿನ ಹ್ಯಾಂಡಲ್ ಉಜ್ಜುತ್ತಾ ನಿಂತ. "ಈಗ ಊರಿಗೆಲ್ಲಾ ಗೊತ್ತಾಗಿದೆ, ನಾನು ಅರ್ಧ ಕಿವುಡ ಅಂತ. ಕೇಳೋ ಧೈರ್ಯ ಇವತ್ತು ಬಿಟ್ರೆ ಇನ್ನು ಬರಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅವಳು ಅವನ ಕಣ್ಣಿಗೆ ನೇರ ಸಿಗುವಂತೆ ತಿರುಗಿ ನಿಂತಳು.

"ಅಮ್ಮನ ಹತ್ತಿರ ಮಾತಾಡ್ತೀನಿ. ನನ್ನ ಕಡೆಯಿಂದ ಹೂಂ."

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತಾ ಎಲ್ಲ ಕೇಳಿಸಿಕೊಂಡಳು.

"ಕಿವಿ ಕೇಳಲ್ವಂತಲ್ಲೇ?"

"ಕಿವಿ ಕೇಳಲ್ಲ ಅಮ್ಮ. ಮಾತು ಕೇಳ್ತಾರೆ."

ಅಮ್ಮ ಕೈಲಿದ್ದ ಟವೆಲ್ಲನ್ನು ಮಡಿಲಲ್ಲಿ ಇಟ್ಟುಕೊಂಡಳು. "ನಿಮ್ಮಪ್ಪನಿಗೆ ಎರಡು ಕಿವಿನೂ ಚೆನ್ನಾಗೇ ಇತ್ತು," ಎಂದಳು ಗೋಡೆಯ ಕಡೆ ನೋಡುತ್ತಾ. "ನಾನು ಹೇಳಿದ್ದು ಒಂದು ದಿನಾನೂ ಕೇಳಲಿಲ್ಲ, ಪುಣ್ಯಾತ್ಮ." ಆಮೇಲೆ ಮಗಳ ಮುಖ ನೋಡಿ ಕಣ್ಣೊರೆಸಿಕೊಂಡು ನಕ್ಕಳು. "ಭಾನುವಾರ ಊಟಕ್ಕೆ ಬರೋಕೆ ಹೇಳು."

ಅವಳು ಒಳಗೆ ಓಡಿಹೋಗಿ, ತುಟಿ ಕಾಣುವಂತೆ ಮೊಬೈಲ್ ಹಿಡಿದು ಅವನಿಗೆ ವಿಡಿಯೋ ಕಾಲ್ ಮಾಡಿದಳು.